ಕಬ್ಬಿಣದಿಂದ ಕ್ರಿಪ್ಟಾನ್‌ವರೆಗೆ: ನ್ಯೂಟ್ರಾನ್ ನಕ್ಷತ್ರದ ಹೊರಕವಚವನ್ನು ಕಲಬುರಗಿಯಲ್ಲೇ ಕುಳಿತು ಲೆಕ್ಕ ಹಾಕುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಎಂ.ಎಸ್ಸಿ. ಭೌತಶಾಸ್ತ್ರ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್‌ಗಾಗಿ ಖಭೌತವಿಜ್ಞಾನದ ವಿಷಯ ಹೇಳಿದರೆ ಮೊದಲು ಕಣ್ಣರಳಿಸುತ್ತಾರೆ, ಮರುಕ್ಷಣವೇ ಹಿಂಜರಿಯುತ್ತಾರೆ. ದೂರದರ್ಶಕ ಎಲ್ಲಿಂದ ತರುವುದು, ದೊಡ್ಡ ಕಂಪ್ಯೂಟರ್ ಯಾರು ಕೊಡುತ್ತಾರೆ ಎಂಬ ಅಂಜಿಕೆ. ಅವರಿಗೆಲ್ಲ ನಾನು ಸೂಚಿಸುವುದು ನ್ಯೂಟ್ರಾನ್ ನಕ್ಷತ್ರದ ಹೊರಕವಚ. ದೊಡ್ಡ ನಕ್ಷತ್ರವೊಂದು ಸಿಡಿದ ಮೇಲೆ ಉಳಿಯುವ ಅತಿ ಸಾಂದ್ರ ಶೇಷವೇ ನ್ಯೂಟ್ರಾನ್ ನಕ್ಷತ್ರ. ನಕ್ಷತ್ರದ ತಿರುಳಿನಲ್ಲಿ ಏನಿದೆ ಎಂಬುದರ ಬಗ್ಗೆ ಇಂದಿಗೂ ವಾದ ನಡೆಯುತ್ತಿದೆ. ಆದರೆ ಅದರ ಮೇಲಿನ ಅರ್ಧ ಕಿಲೋಮೀಟರ್ ದಪ್ಪದ ಪದರ ಬೇರೆಯೇ ಕಥೆ. ಪ್ರಯೋಗಾಲಯಗಳಲ್ಲಿ ಅಳೆದ ಪರಮಾಣು ದ್ರವ್ಯರಾಶಿಗಳ ಪಟ್ಟಿ, ಬಿ.ಎಸ್ಸಿ.ಯಲ್ಲಿ ಓದಿದ ಫರ್ಮಿ ಅನಿಲ, ಸ್ಫಟಿಕದ ವಿದ್ಯುತ್ ಶಕ್ತಿ ಈ ಮೂರು ಕೈಯಲ್ಲಿದ್ದರೆ ಅಲ್ಲಿ ಯಾವ ಆಳದಲ್ಲಿ ಯಾವ ಧಾತು ಇದೆ ಎಂದು ನಾವೇ ಹೇಳಬಹುದು. ಇಷ್ಟು ದೂರದ, ಇಷ್ಟು ವಿಪರೀತವಾದ ವಸ್ತುವಿನ ಬಗ್ಗೆ ಇಷ್ಟು ಖಚಿತವಾಗಿ ಮಾತನಾಡಲು ಸಿಗುವ ಅವಕಾಶಗಳು ಭೌತಶಾಸ್ತ್ರದಲ್ಲಿ ಹೆಚ್ಚಿಲ್ಲ.

ನಾವು ಅನುಸರಿಸುವ ದಾರಿಯನ್ನು 1971ರಲ್ಲಿ ಗಾರ್ಡನ್ ಬೇಮ್, ಕ್ರಿಸ್ಟೋಫರ್ ಪೆಥಿಕ್ ಮತ್ತು ಪೀಟರ್ ಸದರ್ಲ್ಯಾಂಡ್ ಹಾಕಿಕೊಟ್ಟರು. 1994ರಲ್ಲಿ ಪಾವೆಲ್ ಹೆನ್ಸೆಲ್ ಮತ್ತು ಬರ್ನಾರ್ ಪಿಶೋನ್ ಹೊಸ ದ್ರವ್ಯರಾಶಿ ಅಳತೆಗಳನ್ನಿಟ್ಟುಕೊಂಡು ಅದನ್ನೇ ಮತ್ತೆ ಲೆಕ್ಕ ಹಾಕಿದರು. ನಿಮ್ಮ ಉತ್ತರವನ್ನು ಕೊನೆಗೆ ಹೋಲಿಸಿ ನೋಡಬೇಕಾದದ್ದು ಈ ಎರಡರ ಜೊತೆಗೆ.

ಬೇಕಾದ ಸಾಮಗ್ರಿ

ಪೈಥಾನ್ ಮತ್ತು ನಂಪೈ ಇರುವ ಯಾವುದೇ ಲ್ಯಾಪ್‌ಟಾಪ್ ಸಾಕು. ಪ್ರೋಗ್ರಾಂ ಬರೆದು ರೂಢಿಯಿಲ್ಲದವರು ಲಿಬ್ರೆಆಫೀಸ್‌ನ ಲೆಕ್ಕದ ಹಾಳೆಯಲ್ಲೇ ಐದಾರು ನ್ಯೂಕ್ಲಿಯಸ್‌ಗಳಿಗೆ ಕೆಲಸ ಮಾಡಬಹುದು. ಅದರಲ್ಲಿರುವ ಗೋಲ್ ಸೀಕ್ ಸೌಲಭ್ಯ ಸಮೀಕರಣ ಬಿಡಿಸಿಕೊಡುತ್ತದೆ. ಇಂಟರ್ನೆಟ್ ಬೇಕಾಗುವುದು ಒಂದೇ ಸಲ, 2020ರ ಪರಮಾಣು ದ್ರವ್ಯರಾಶಿ ಪಟ್ಟಿಯನ್ನು ಇಳಿಸಿಕೊಳ್ಳಲು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ದತ್ತಾಂಶ ಕೇಂದ್ರದಲ್ಲಿ ಅದು ಉಚಿತವಾಗಿ ಸಿಗುವ ಸಾದಾ ಪಠ್ಯ ಕಡತ. ನಂತರದ್ದೆಲ್ಲ ನಿಮ್ಮ ಮೇಜಿನ ಮೇಲೆಯೇ ನಡೆಯುತ್ತದೆ. ಬೇಸಿಗೆಯಲ್ಲಿ ವಿದ್ಯುತ್ ಹೋಗಿ ಬರುವ ಊರಿನವರು ಪ್ರತಿ ಹಂತದ ಫಲಿತಾಂಶವನ್ನು ಕಡತಕ್ಕೆ ಬರೆಸಿಕೊಳ್ಳುವ ಅಭ್ಯಾಸ ಇಟ್ಟುಕೊಳ್ಳಿ.

ಸೂತ್ರಗಳಲ್ಲಿ ನಾಲ್ಕು ಕಿರುಹೆಸರು ಬಳಸುತ್ತೇನೆ. ಪ್ರೋಟಾನ್ ಸಂಖ್ಯೆಗೆ ‘ಪ್ರೋ’, ಪ್ರೋಟಾನ್ ಮತ್ತು ನ್ಯೂಟ್ರಾನ್ ಕೂಡಿದ ದ್ರವ್ಯರಾಶಿ ಸಂಖ್ಯೆಗೆ ‘ದ್ರ’. ಎಲೆಕ್ಟ್ರಾನಿನ ಫರ್ಮಿ ಸಂವೇಗವನ್ನು, ಅಂದರೆ ಎಲೆಕ್ಟ್ರಾನ್‌ಗಳು ತುಂಬಿದ ಮಟ್ಟಗಳಲ್ಲಿ ಅತಿ ಮೇಲಿನದರ ಸಂವೇಗವನ್ನು, ಅದರ ದ್ರವ್ಯರಾಶಿ ಮತ್ತು ಬೆಳಕಿನ ವೇಗದ ಗುಣಲಬ್ಧದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ‘ಸ’. ಒಂದು ನ್ಯೂಕ್ಲಿಯಾನ್‌ಗೆ (ಪ್ರೋಟಾನ್ ಅಥವಾ ನ್ಯೂಟ್ರಾನಿಗೆ) ಬೀಳುವ ಗಿಬ್ಸ್ ಶಕ್ತಿಗೆ, ಅಂದರೆ ಕೊಟ್ಟ ಒತ್ತಡದಲ್ಲಿ ಕನಿಷ್ಠವಾಗಬೇಕಾದ ಶಕ್ತಿಗೆ, ‘ಗಿ’. ಶಕ್ತಿಯನ್ನು ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ, ಅಂದರೆ ಎಂಇವಿಯಲ್ಲಿ ಅಳೆಯೋಣ. ಒತ್ತಡ ಚದರ ಸೆಂಟಿಮೀಟರಿಗೆ ಡೈನ್‌ನಲ್ಲಿ, ಸಾಂದ್ರತೆ ಘನ ಸೆಂಟಿಮೀಟರಿಗೆ ಗ್ರಾಂನಲ್ಲಿ ಇರಲಿ.

ಹಂತ 1: ಮಾದರಿ ಎಲ್ಲಿ ಸಲ್ಲುತ್ತದೆ ಎಂದು ಮೊದಲೇ ನೋಡಿಕೊಳ್ಳಿ

ಸೂರ್ಯನ 1.4 ಪಟ್ಟು ದ್ರವ್ಯರಾಶಿ, 12 ಕಿಲೋಮೀಟರ್ ತ್ರಿಜ್ಯ ಇರುವ ನಕ್ಷತ್ರವನ್ನು ತೆಗೆದುಕೊಳ್ಳೋಣ. ಸಾಮಾನ್ಯ ಸಾಪೇಕ್ಷತೆಯ ತಿದ್ದುಪಡಿ ಸೇರಿಸಿದರೆ ಅದರ ಮೇಲ್ಮೈ ಗುರುತ್ವ ಸೆಕೆಂಡಿನ ವರ್ಗಕ್ಕೆ 1.6 × 10¹⁴ ಸೆಂಟಿಮೀಟರ್, ಅಂದರೆ ಭೂಮಿಯ ಗುರುತ್ವದ ಸುಮಾರು 16 ಸಾವಿರ ಕೋಟಿ ಪಟ್ಟು. ಈ ಗುರುತ್ವದ ಒತ್ತಿನಿಂದ ಎಲ್ಲಕ್ಕಿಂತ ಮೇಲೆ ಸೆಂಟಿಮೀಟರ್‌ಗಳಲ್ಲಿ ಅಳೆಯುವಷ್ಟು ತೆಳುವಾದ ವಾತಾವರಣ, ಅದರಡಿ ದ್ರವ ಸಾಗರ, ಅದರಡಿ ಗಟ್ಟಿ ಹೊರಕವಚ. ಸಾಂದ್ರತೆ 4.3 × 10¹¹ ತಲುಪಿದಾಗ, ಅಂದರೆ ಒಂದು ಘನ ಸೆಂಟಿಮೀಟರಿನಲ್ಲಿ 4.3 ಲಕ್ಷ ಟನ್ ತುಂಬಿದಾಗ, ನ್ಯೂಕ್ಲಿಯಸ್‌ಗಳಿಂದ ನ್ಯೂಟ್ರಾನ್‌ಗಳು ಸೋರತೊಡಗುತ್ತವೆ. ಹೊರಕವಚದ ಗಡಿ ಅದು. ಅಲ್ಲಿಂದ ಕೆಳಗೆ ಒಳಕವಚ.

ತಾಪವನ್ನು ಸೊನ್ನೆ ಎಂದು ಹಿಡಿದು ಲೆಕ್ಕ ಹಾಕುತ್ತೇವೆ. ಹತ್ತು ಕೋಟಿ ಕೆಲ್ವಿನ್ ಇರುವ ವಸ್ತುವಿನ ತಾಪ ಸೊನ್ನೆಯೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮೌಖಿಕ ಪರೀಕ್ಷೆಯಲ್ಲಂತೂ ಈ ಪ್ರಶ್ನೆ ಖಂಡಿತ ಬರುತ್ತದೆ. ಉತ್ತರ ಎರಡು ಸಂಖ್ಯೆಗಳಲ್ಲಿದೆ. ಸಾಂದ್ರತೆ 10⁷ ಇರುವ ಕಬ್ಬಿಣದಲ್ಲಿ ಎಲೆಕ್ಟ್ರಾನ್‌ಗಳ ಫರ್ಮಿ ತಾಪ ಸುಮಾರು 570 ಕೋಟಿ ಕೆಲ್ವಿನ್. ಅದರ ಮುಂದೆ ಹತ್ತು ಕೋಟಿ ಲೆಕ್ಕಕ್ಕಿಲ್ಲ, ಎಲೆಕ್ಟ್ರಾನ್‌ಗಳು ಪೂರ್ತಿ ಡಿಜನರೇಟ್ ಸ್ಥಿತಿಯಲ್ಲಿವೆ, ಅಂದರೆ ಕೆಳಗಿನ ಶಕ್ತಿ ಮಟ್ಟಗಳೆಲ್ಲ ಭರ್ತಿಯಾಗಿವೆ. ಇನ್ನೊಂದು ಸಂಖ್ಯೆ ಅಯಾನ್‌ಗಳದು: ನೆರೆಯ ಅಯಾನ್‌ಗಳ ನಡುವಿನ ಕೂಲಂಬ್ ಶಕ್ತಿ ಉಷ್ಣಶಕ್ತಿಯ ಎಷ್ಟು ಪಟ್ಟು ಎಂಬುದು. ಇದು ಸುಮಾರು 175 ದಾಟಿದರೆ ದ್ರವ ಹೆಪ್ಪುಗಟ್ಟಿ ಸ್ಫಟಿಕವಾಗುತ್ತದೆ. ಕರಗುವ ತಾಪದ ಸೂತ್ರ ಹೀಗಿದೆ:

ಕರಗುವ ತಾಪ = 1.3 × 10⁵ × ಪ್ರೋ² × (ಸಾಂದ್ರತೆ ÷ 10⁶ ÷ ದ್ರ)^(1/3) ಕೆಲ್ವಿನ್

ಕಬ್ಬಿಣ-56ಕ್ಕೆ ಇದನ್ನು ಹಾಕಿ ನೋಡಿ. ಹತ್ತು ಕೋಟಿ ಕೆಲ್ವಿನ್‌ನಲ್ಲಿ ಸಾಂದ್ರತೆ ಸುಮಾರು 8 × 10⁷ ಆಗುವವರೆಗೆ ಸಾಗರ, ಅದಕ್ಕಿಂತ ಕೆಳಗೆ ಗಟ್ಟಿ ಹರಳು ಎಂದು ಬರುತ್ತದೆ. ಸಾಗರವಾದರೂ ಹರಳಾದರೂ ಒತ್ತಡದ ಲೆಕ್ಕ ಹೆಚ್ಚು ಬದಲಾಗುವುದಿಲ್ಲ, ಏಕೆಂದರೆ ಅಲ್ಲಿ ಭಾರ ಹೊರುವವು ಎಲೆಕ್ಟ್ರಾನ್‌ಗಳು. ಕಾಂತಕ್ಷೇತ್ರವೂ ಅಷ್ಟೇ: ಸಾಮಾನ್ಯ ಪಲ್ಸಾರ್‌ಗಳ 10¹² ಗೌಸ್ ಕ್ಷೇತ್ರ ಎಲೆಕ್ಟ್ರಾನ್‌ಗಳನ್ನು ಬಲವಾಗಿ ಬಾಧಿಸುವುದು ಸಾಂದ್ರತೆ ಹತ್ತು ಸಾವಿರದ ಆಸುಪಾಸಿಗಿಂತ ಕಡಿಮೆ ಇರುವಲ್ಲಿ ಮಾತ್ರ. ನಾವು ಹತ್ತು ಲಕ್ಷಕ್ಕೂ ಮೇಲಿನಿಂದ ಆರಂಭಿಸುತ್ತೇವೆ. ಇದಕ್ಕಿಂತ ಬಹಳ ಬಲವಾದ ಕಾಂತಕ್ಷೇತ್ರವಿರುವ ಮ್ಯಾಗ್ನೆಟಾರ್‌ಗಳನ್ನು ಈ ಲೆಕ್ಕದಿಂದ ಹೊರಗಿಡಿ.

ಹಂತ 2: ಎಲೆಕ್ಟ್ರಾನ್‌ಗಳ ಒತ್ತಡ

ಸ = 1.009 × (ಸಾಂದ್ರತೆ ÷ 10⁶ × ಪ್ರೋ ÷ ದ್ರ)^(1/3)

ಎಲೆಕ್ಟ್ರಾನಿನ ಫರ್ಮಿ ಶಕ್ತಿ, ಸ್ಥಿರ ಶಕ್ತಿಯೂ ಸೇರಿ, 0.511 × √(1 + ಸ²) ಎಂಇವಿ. ಒತ್ತಡ ಇಷ್ಟು:

ಎಲೆಕ್ಟ್ರಾನ್ ಒತ್ತಡ = 1.8007 × 10²³ × [ ಸ × (2ಸ²/3 − 1) × √(1 + ಸ²) + ಲಾಗ್(ಸ + √(1 + ಸ²)) ]

ಇಲ್ಲಿ ಲಾಗ್ ಎಂದರೆ ಸ್ವಾಭಾವಿಕ ಲಾಗರಿದಮ್. ಹತ್ತರ ಲಾಗ್ ಹಾಕಿದರೆ ಉತ್ತರ ತಪ್ಪಾಗಿದ್ದರೂ ನೋಡಲು ಸರಿಯೆಂಬಂತೆಯೇ ಇರುತ್ತದೆ. ಅದಕ್ಕಾಗಿ ಪ್ರೋಗ್ರಾಂ ಬರೆದ ಕೂಡಲೇ ಒಂದು ಬಿಂದುವನ್ನು ಕೈಯಿಂದ ತಾಳೆ ನೋಡಬೇಕು. ಯಾದಗಿರಿಯಿಂದ ಕಲಬುರಗಿಗೆ ರೈಲಿನಲ್ಲಿ ಬರುವ ಹೊತ್ತಿನಲ್ಲಿ ಕ್ಯಾಲ್ಕುಲೇಟರ್ ಹಿಡಿದು ಇದನ್ನು ಮುಗಿಸಬಹುದು. ಸಾಂದ್ರತೆ 10⁷, ಕಬ್ಬಿಣ-56: ಪ್ರೋ ÷ ದ್ರ = 0.4643, ಸ = 1.683, ಫರ್ಮಿ ಶಕ್ತಿ ಹೆಚ್ಚುಕಡಿಮೆ ಸರಿಯಾಗಿ 1 ಎಂಇವಿ. ಚೌಕ ಆವರಣದೊಳಗಿನದು 4.219, ಒತ್ತಡ 7.6 × 10²³. ನಿಮ್ಮ ಪ್ರೋಗ್ರಾಂ ಇದನ್ನೇ ಕೊಡುವವರೆಗೆ ಮುಂದಿನ ಹಂತಕ್ಕೆ ಕಾಲಿಡಬೇಡಿ. ಎರಡು ತುದಿಗಳನ್ನೂ ಪರೀಕ್ಷಿಸಿ: ‘ಸ’ ಒಂದಕ್ಕಿಂತ ತೀರಾ ಚಿಕ್ಕದಾದಾಗ ಒತ್ತಡ ಅದರ ಐದನೇ ಘಾತದಂತೆ, ತೀರಾ ದೊಡ್ಡದಾದಾಗ ನಾಲ್ಕನೇ ಘಾತದಂತೆ ಏರಬೇಕು.

ಹಂತ 3: ಸ್ಫಟಿಕ ಜಾಲದ ತಿದ್ದುಪಡಿ

ಧನ ವಿದ್ಯುದಂಶದ ನ್ಯೂಕ್ಲಿಯಸ್‌ಗಳು ಎಲೆಕ್ಟ್ರಾನ್‌ಗಳ ಸಮ ಹರವಿನ ನಡುವೆ ಕಾಯಕೇಂದ್ರಿತ ಘನ ಜಾಲದಲ್ಲಿ ಕೂರುತ್ತವೆ. ಹೀಗೆ ಕೂತಾಗ ಶಕ್ತಿ ಕಡಿಮೆಯಾಗುತ್ತದೆ. ಪ್ರತಿ ಅಯಾನಿಗೆ ಆ ಶಕ್ತಿ −0.8959 × ಪ್ರೋ² × 1.44 ÷ (ಕೋಶದ ತ್ರಿಜ್ಯ ಫರ್ಮಿಯಲ್ಲಿ). ಕೋಶದ ತ್ರಿಜ್ಯವನ್ನು ‘ಸ’ದಲ್ಲೇ ಬರೆದರೆ 741.1 × ಪ್ರೋ^(1/3) ÷ ಸ. ಎರಡನ್ನೂ ಕೂಡಿಸಿದರೆ ಸೂತ್ರಗಳು ಎಷ್ಟು ಚೊಕ್ಕವಾಗುತ್ತವೆ ನೋಡಿ:

ಜಾಲಕ ಶಕ್ತಿ = −0.001741 × ಪ್ರೋ^(5/3) × ಸ ಎಂಇವಿ
ಜಾಲಕ ಒತ್ತಡ = −5.453 × 10²⁰ × ಪ್ರೋ^(2/3) × ಸ⁴

ಹಿಂದಿನ ಉದಾಹರಣೆಯಲ್ಲಿ ಜಾಲಕ ಶಕ್ತಿ −0.669 ಎಂಇವಿ, ಜಾಲಕ ಒತ್ತಡ −3.84 × 10²². ಎಲೆಕ್ಟ್ರಾನ್ ಒತ್ತಡದ ಶೇ. 5ರಷ್ಟು. ಇದನ್ನು ಬಿಟ್ಟುಬಿಡಬಹುದೆಂದು ಅನ್ನಿಸುವುದು ಸಹಜ, ಆದರೆ ಬಿಡಬೇಡಿ. ಒತ್ತಡಕ್ಕೆ ಇದು ಸಣ್ಣ ತಿದ್ದುಪಡಿಯಾದರೂ ಯಾವ ನ್ಯೂಕ್ಲಿಯಸ್ ಗೆಲ್ಲುತ್ತದೆ ಎಂಬ ತೀರ್ಮಾನದಲ್ಲಿ ಇದರ ಕೈ ದೊಡ್ಡದು. ಎಲೆಕ್ಟ್ರಾನ್‌ಗಳ ವಿನಿಮಯ ಶಕ್ತಿ, ನ್ಯೂಕ್ಲಿಯಸ್ ಸುತ್ತ ಅವು ತುಸು ದಟ್ಟೈಸುವುದು ಇವೆಲ್ಲ ಇನ್ನೂ ಚಿಕ್ಕ ತಿದ್ದುಪಡಿಗಳು. ಮೊದಲ ಮಾದರಿಗೆ ಬೇಡ.

ಹಂತ 4: ದ್ರವ್ಯರಾಶಿ ಪಟ್ಟಿಯನ್ನು ಎಚ್ಚರದಿಂದ ಓದುವುದು

ಪಟ್ಟಿಯಲ್ಲಿರುವುದು ‘ಮಾಸ್ ಎಕ್ಸೆಸ್’, ಅಂದರೆ ಪರಮಾಣುವಿನ ದ್ರವ್ಯರಾಶಿಯಿಂದ ದ್ರ × 931.494 ಎಂಇವಿ ಕಳೆದು ಉಳಿದದ್ದು. ಅದು ಸಾವಿರ ಎಲೆಕ್ಟ್ರಾನ್‌ವೋಲ್ಟ್‌ನ ಮಾನದಲ್ಲಿದೆ. 1000ದಿಂದ ಭಾಗಿಸಿದರೆ ಎಂಇವಿ ಆಗುತ್ತದೆ. ಕಬ್ಬಿಣ-56ಕ್ಕೆ −60.607, ನಿಕ್ಕಲ್-62ಕ್ಕೆ −66.746, ಒಂಟಿ ನ್ಯೂಟ್ರಾನಿಗೆ +8.071. ಕೆಲವು ಸಾಲುಗಳಲ್ಲಿ ದಶಮಾಂಶ ಚುಕ್ಕಿಯ ಜಾಗದಲ್ಲಿ ಹ್ಯಾಷ್ ಗುರುತು ಇರುತ್ತದೆ. ಆ ಬೆಲೆ ಅಳೆದದ್ದಲ್ಲ, ನೆರೆಯ ನ್ಯೂಕ್ಲಿಯಸ್‌ಗಳ ಒಲವು ನೋಡಿ ಅಂದಾಜಿಸಿದ್ದು. ಓದುವಾಗ ಹ್ಯಾಷನ್ನು ಚುಕ್ಕಿಯಾಗಿ ಬದಲಿಸಿಕೊಳ್ಳಿ, ಆದರೆ ‘ಅಳೆದದ್ದು’, ‘ಅಂದಾಜು’ ಎಂಬ ಗುರುತನ್ನು ಬೇರೊಂದು ಕಂಬಸಾಲಿನಲ್ಲಿ ಉಳಿಸಿಕೊಳ್ಳಿ. ಮುಂದೆ ಅದೇ ನಿಮ್ಮ ವರದಿಯ ಜೀವಾಳವಾಗುತ್ತದೆ.

ಪಟ್ಟಿಯಲ್ಲಿರುವುದು ಪರಮಾಣುವಿನ ದ್ರವ್ಯರಾಶಿ. ನಕ್ಷತ್ರದಲ್ಲಿರುವುದು ಬರಿಯ ನ್ಯೂಕ್ಲಿಯಸ್. ಹಾಗಾಗಿ ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟ ಬಂಧಶಕ್ತಿಯನ್ನು ಮರಳಿ ಸೇರಿಸಬೇಕು: 14.44 × ಪ್ರೋ^2.39 ಎಲೆಕ್ಟ್ರಾನ್‌ವೋಲ್ಟ್. ಕಬ್ಬಿಣಕ್ಕೆ ಇದು 0.035 ಎಂಇವಿ.

ಇನ್ನೊಂದು ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕು. ಪ್ರತಿ ನ್ಯೂಕ್ಲಿಯಾನಿಗೆ ಅತಿ ಹೆಚ್ಚು ಬಂಧಶಕ್ತಿ ಇರುವುದು ಕಬ್ಬಿಣ-56ಕ್ಕೆ ಅಲ್ಲ, ನಿಕ್ಕಲ್-62ಕ್ಕೆ. ಹಾಗಿದ್ದರೆ ನಕ್ಷತ್ರದ ಮೇಲ್ಮೈಯಲ್ಲಿ ನಿಕ್ಕಲ್ ಏಕಿಲ್ಲ? ಏಕೆಂದರೆ ಇಲ್ಲಿ ಕನಿಷ್ಠವಾಗಬೇಕಾದದ್ದು ಪ್ರತಿ ನ್ಯೂಕ್ಲಿಯಾನಿನ ಒಟ್ಟು ದ್ರವ್ಯರಾಶಿ. ನ್ಯೂಟ್ರಾನ್ ಪ್ರೋಟಾನಿಗಿಂತ ಭಾರ, ನಿಕ್ಕಲ್-62ರಲ್ಲಿ ನ್ಯೂಟ್ರಾನ್‌ಗಳ ಪಾಲು ಹೆಚ್ಚು. ಆ ಭಾರವನ್ನು ಸೇರಿಸಿದಾಗ ಕಬ್ಬಿಣ-56 ಗೆಲ್ಲುತ್ತದೆ. ಬಂಧಶಕ್ತಿಯ ರೇಖಾಚಿತ್ರವೊಂದನ್ನೇ ನಂಬಿ ಲೆಕ್ಕ ಆರಂಭಿಸಿದರೆ ಮೊದಲ ಪದರವೇ ತಪ್ಪಾಗುತ್ತದೆ.

ಹಂತ 5: ಪ್ರತಿ ಒತ್ತಡಕ್ಕೂ ಗೆಲ್ಲುವ ನ್ಯೂಕ್ಲಿಯಸ್ ಹುಡುಕುವುದು

ಲೆಕ್ಕದ ಹೃದಯ ಇಲ್ಲಿದೆ. ಒತ್ತಡವನ್ನು 10²³ರಿಂದ 8 × 10²⁹ರವರೆಗೆ ಲಾಗ್ ಅಂತರದಲ್ಲಿ ಸಾವಿರ ಬಿಂದುಗಳಾಗಿ ಹಂಚಿ. ಪ್ರತಿ ಬಿಂದುವಿನಲ್ಲೂ ಪಟ್ಟಿಯ ಪ್ರತಿ ನ್ಯೂಕ್ಲಿಯಸ್‌ಗೂ ಎರಡು ಕೆಲಸ. ಮೊದಲು ಎಲೆಕ್ಟ್ರಾನ್ ಒತ್ತಡ ಮತ್ತು ಜಾಲಕ ಒತ್ತಡ ಕೂಡಿ ಆ ಬಿಂದುವಿನ ಒತ್ತಡಕ್ಕೆ ಸಮವಾಗುವಂತೆ ‘ಸ’ವನ್ನು ಅರ್ಧಿಸುತ್ತಾ ಹೋಗುವ ವಿಧಾನದಿಂದ ಕಂಡುಹಿಡಿಯಿರಿ. ಆಮೇಲೆ ಈ ಬೆಲೆ ಲೆಕ್ಕ ಹಾಕಿ:

ಗಿ = [ ಮಾಸ್ ಎಕ್ಸೆಸ್ + ಎಲೆಕ್ಟ್ರಾನ್ ಬಂಧಶಕ್ತಿ + ಪ್ರೋ × 0.511 × (√(1 + ಸ²) − 1) + (4/3) × ಜಾಲಕ ಶಕ್ತಿ ] ÷ ದ್ರ + 931.494

ಯಾವ ನ್ಯೂಕ್ಲಿಯಸ್‌ನ ‘ಗಿ’ ಎಲ್ಲಕ್ಕಿಂತ ಕಡಿಮೆಯೋ ಆ ಒತ್ತಡದಲ್ಲಿ ಅದೇ ಇರುತ್ತದೆ. ಗೆದ್ದದ್ದರ ಸಾಂದ್ರತೆಯನ್ನು ಹಂತ 2ರ ಮೊದಲ ಸೂತ್ರವನ್ನು ತಿರುಗಿಸಿ ಪಡೆಯಿರಿ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಇದು ಕೆಲವು ನಿಮಿಷಗಳ ಕೆಲಸ.

ಸಾಂದ್ರತೆಯನ್ನು ಕೊಟ್ಟು ಹುಡುಕದೆ ಒತ್ತಡವನ್ನು ಕೊಟ್ಟು ಏಕೆ ಹುಡುಕಬೇಕು? ನಕ್ಷತ್ರದೊಳಗೆ ಇಳಿಯುತ್ತಾ ಹೋದಂತೆ ಒತ್ತಡ ಎಲ್ಲೂ ಜಿಗಿಯದೆ ಏರುತ್ತದೆ, ಸಾಂದ್ರತೆ ಹಾಗಲ್ಲ. ಕಬ್ಬಿಣ-56 ಮುಗಿದು ನಿಕ್ಕಲ್-62 ಆರಂಭವಾಗುವ ಗಡಿಯಲ್ಲಿ ಎಲೆಕ್ಟ್ರಾನ್‌ಗಳ ಸಾಂದ್ರತೆ ಹೆಚ್ಚುಕಡಿಮೆ ಅಷ್ಟೇ ಇದ್ದು ಒಟ್ಟು ಸಾಂದ್ರತೆ ಶೇ. 3ರ ಹತ್ತಿರ ಜಿಗಿಯುತ್ತದೆ. ಆ ಜಿಗಿತದ ನಡುವಿನ ಸಾಂದ್ರತೆಗಳು ನಕ್ಷತ್ರದಲ್ಲಿ ಎಲ್ಲಿಯೂ ಇಲ್ಲ. ಇಲ್ಲದ ಸಾಂದ್ರತೆಗೆ ಉತ್ತರ ಕೇಳಿದರೆ ಪ್ರೋಗ್ರಾಂ ಏನೋ ಒಂದು ಉತ್ತರ ಕೊಟ್ಟುಬಿಡುತ್ತದೆ, ಅದಕ್ಕೆ ಅರ್ಥ ಇರುವುದಿಲ್ಲ.

ಮೊದಲ ಗಡಿಯನ್ನು ಕೈಯಿಂದಲೇ ಹುಡುಕಿದರೆ ಇಡೀ ಲೆಕ್ಕದ ಮರ್ಮ ತಿಳಿಯುತ್ತದೆ. ಕಲಬುರಗಿಯ ದಾಲ್ ಮಿಲ್ಲಿನವರು ತೊಗರಿ ಕೊಳ್ಳುವ ಬಗೆ ನೆನಪಿಸಿಕೊಳ್ಳಿ. ದೂರದ ಊರಿನಲ್ಲಿ ಕ್ವಿಂಟಲ್ ದರ ಕಡಿಮೆ, ಸಾಗಣೆ ಹೆಚ್ಚು. ಹತ್ತಿರದ ಊರಿನಲ್ಲಿ ದರ ತುಸು ಹೆಚ್ಚು, ಸಾಗಣೆ ಕಡಿಮೆ. ಡೀಸೆಲ್ ಅಗ್ಗವಿರುವವರೆಗೆ ದೂರದ ಊರೇ ಲಾಭ. ಡೀಸೆಲ್ ಬೆಲೆ ಒಂದು ಮಟ್ಟ ದಾಟಿದ ದಿನ ಹತ್ತಿರದ ಊರಿಗೆ ತಿರುಗುತ್ತಾರೆ. ಇಲ್ಲಿ ಪ್ರತಿ ನ್ಯೂಕ್ಲಿಯಾನಿನ ದ್ರವ್ಯರಾಶಿ ಎಂಬುದು ದರ, ಪ್ರತಿ ನ್ಯೂಕ್ಲಿಯಾನಿಗೆ ಎಷ್ಟು ಎಲೆಕ್ಟ್ರಾನ್ ಎಂಬುದು ದೂರ, ಎಲೆಕ್ಟ್ರಾನಿನ ಫರ್ಮಿ ಶಕ್ತಿ ಡೀಸೆಲ್ ಬೆಲೆ. ಆಳಕ್ಕೆ ಹೋದಂತೆ ಡೀಸೆಲ್ ಏರುತ್ತಲೇ ಇರುತ್ತದೆ.

ಸಂಖ್ಯೆಗಳು ಇಲ್ಲಿವೆ. ಎಲೆಕ್ಟ್ರಾನ್ ಬಂಧಶಕ್ತಿ ಸೇರಿಸಿದಾಗ ಕಬ್ಬಿಣ-56 ನಿಕ್ಕಲ್-62ಕ್ಕಿಂತ ಪ್ರತಿ ನ್ಯೂಕ್ಲಿಯಾನಿಗೆ 0.00577 ಎಂಇವಿ ಅಗ್ಗ. ಆದರೆ ಪ್ರತಿ ನ್ಯೂಕ್ಲಿಯಾನಿಗೆ ಅದು ಹೊತ್ತಿರುವ ಎಲೆಕ್ಟ್ರಾನ್ 26 ÷ 56 = 0.4643; ನಿಕ್ಕಲ್‌ನದು 28 ÷ 62 = 0.4516. ವ್ಯತ್ಯಾಸ 0.01267. ಮೊದಲನೆಯದನ್ನು ಇದರಿಂದ ಭಾಗಿಸಿದರೆ 0.455 ಎಂಇವಿ. ಎಲೆಕ್ಟ್ರಾನಿನ ಚಲನಶಕ್ತಿ ಅಷ್ಟಾದಾಗ ಎರಡೂ ಸಮ. ಜಾಲಕ ಶಕ್ತಿ ನಿಕ್ಕಲ್ ಕಡೆಗೆ ವಾಲುವುದರಿಂದ ಗಡಿ 0.44ಕ್ಕೆ ಇಳಿಯುತ್ತದೆ. ಸ್ಥಿರ ಶಕ್ತಿ ಸೇರಿಸಿದರೆ ಫರ್ಮಿ ಶಕ್ತಿ 0.95 ಎಂಇವಿ, ಸಾಂದ್ರತೆ 80 ಲಕ್ಷದ ಆಸುಪಾಸು. 1971ರ ಲೆಕ್ಕದಲ್ಲಿ ಈ ಗಡಿ 8.1 × 10⁶, 1994ರದರಲ್ಲಿ 7.96 × 10⁶. ಒಂದು ಕಾಗದದ ಮೇಲೆ ಮಾಡಿದ ಭಾಗಾಕಾರ ಇಷ್ಟು ಹತ್ತಿರ ಬರುವುದನ್ನು ಕಂಡಾಗ ಆಗುವ ಸಂತೋಷವನ್ನು ವಿದ್ಯಾರ್ಥಿಗಳು ಕಳೆದುಕೊಳ್ಳಬಾರದು, ಅದಕ್ಕೇ ಈ ತಾಳೆಯನ್ನು ಪ್ರೋಗ್ರಾಂಗೆ ಬಿಟ್ಟುಕೊಡಬೇಡಿ ಎನ್ನುತ್ತೇನೆ.

ಹಂತ 6: ಆಳಕ್ಕೆ ಇಳಿದಂತೆ

ಪ್ರೋಗ್ರಾಂ ಪೂರ್ತಿ ಓಡಿದಾಗ ಬರುವ ಸಾಲು ಹೆಚ್ಚುಕಡಿಮೆ ಹೀಗಿರಬೇಕು. ಕಬ್ಬಿಣ-56 ಆದಮೇಲೆ ನಿಕ್ಕಲ್-62, ಅದು 2.7 × 10⁸ರವರೆಗೆ. ನಂತರ ನಿಕ್ಕಲ್-64, ತೆಳುವಾದ ನಿಕ್ಕಲ್-66ರ ಪದರ. ಸುಮಾರು 1.5 × 10⁹ ದಾಟಿದ ಮೇಲೆ ಕ್ರಿಪ್ಟಾನ್-86, ಸೆಲೆನಿಯಂ-84, ಜರ್ಮೇನಿಯಂ-82, ಸತು-80, ನಿಕ್ಕಲ್-78. ಈ ಐದನ್ನೂ ಒಂದರ ಕೆಳಗೊಂದು ಬರೆದು ನ್ಯೂಟ್ರಾನ್‌ಗಳನ್ನು ಎಣಿಸಿ: ಎಲ್ಲದರಲ್ಲೂ 50. ಸಾಂದ್ರತೆ 10¹¹ರ ಆಸುಪಾಸಿನಲ್ಲಿ ಮತ್ತೊಂದು ಸಾಲು ಆರಂಭವಾಗುತ್ತದೆ: ರುಥೇನಿಯಂ-126, ಮಾಲಿಬ್ಡಿನಂ-124, ಜಿರ್ಕೋನಿಯಂ-122, ಸ್ಟ್ರಾನ್ಷಿಯಂ-120, ಕೊನೆಗೆ ಕ್ರಿಪ್ಟಾನ್-118. ಇವೆಲ್ಲದರಲ್ಲೂ ನ್ಯೂಟ್ರಾನ್ 82. ನ್ಯೂಕ್ಲಿಯರ್ ಭೌತಶಾಸ್ತ್ರದ ತರಗತಿಯಲ್ಲಿ ಕಂಠಪಾಠ ಮಾಡಿದ ಮಾಂತ್ರಿಕ ಸಂಖ್ಯೆಗಳು (ನ್ಯೂಕ್ಲಿಯಸ್ ವಿಶೇಷವಾಗಿ ಗಟ್ಟಿಯಾಗುವ 50, 82ರಂತಹ ಎಣಿಕೆಗಳು) ನಕ್ಷತ್ರದ ಪದರಗಳನ್ನೇ ಆಳುತ್ತಿರುತ್ತವೆ.

ಬೀದರಿನ ಬಿದರಿ ಕುಸುರಿಯವರ ಮಿಶ್ರಲೋಹದಲ್ಲಿ ಹೆಚ್ಚಿನ ಪಾಲು ಸತು. ಅದರಲ್ಲಿರುವುದು ಸತು-64ರಿಂದ 70ರವರೆಗಿನ ಐಸೋಟೋಪ್‌ಗಳು. ಸತು-80ನ್ನು ಪ್ರಯೋಗಾಲಯದಲ್ಲಿ ತಯಾರಿಸಿದರೆ ಅದರ ಅರ್ಧಾಯುಷ್ಯ ಅರ್ಧ ಸೆಕೆಂಡಿನ ಆಸುಪಾಸು. ಅದೇ ಸತು-80 ನಕ್ಷತ್ರದ ಹೊರಕವಚದಲ್ಲಿ ಅಚಲವಾಗಿ ಉಳಿಯುತ್ತದೆ. ಬೀಟಾ ಕ್ಷಯವಾಗಬೇಕಾದರೆ ಒಂದು ಎಲೆಕ್ಟ್ರಾನ್ ಹೊರಬರಬೇಕು. ಆ ಎಲೆಕ್ಟ್ರಾನಿಗೆ ದಕ್ಕುವ ಶಕ್ತಿಯ ಮಟ್ಟಗಳೆಲ್ಲ ಆಗಲೇ ಭರ್ತಿಯಾಗಿವೆ, ಒಂದು ಸ್ಥಿತಿಯಲ್ಲಿ ಒಂದೇ ಎಲೆಕ್ಟ್ರಾನ್ ಎನ್ನುವ ಪೌಲಿ ನಿಯಮ ಒಳಗೆ ಬಿಡುವುದಿಲ್ಲ. ವಿಕಿರಣಶೀಲತೆ ನ್ಯೂಕ್ಲಿಯಸ್‌ನ ಸ್ವಂತ ಗುಣ ಮಾತ್ರವಲ್ಲ, ಅದಿರುವ ತಾವಿನ ಗುಣವೂ ಹೌದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಈ ಆಳದಲ್ಲಿ ಹಂತ 4ರಲ್ಲಿ ಉಳಿಸಿಕೊಂಡ ಹ್ಯಾಷ್ ಗುರುತು ಕೆಲಸಕ್ಕೆ ಬರುತ್ತದೆ. ದ್ರವ್ಯರಾಶಿ ಸಂಖ್ಯೆ 80 ಇರುವ ನ್ಯೂಕ್ಲಿಯಸ್‌ನ ಅಂದಾಜಿನಲ್ಲಿ ಅರ್ಧ ಎಂಇವಿ ತಪ್ಪಿದೆ ಎನ್ನೋಣ. ಪ್ರತಿ ನ್ಯೂಕ್ಲಿಯಾನಿಗೆ ಅದು 0.006 ಎಂಇವಿ. ಕಬ್ಬಿಣ ಮತ್ತು ನಿಕ್ಕಲ್ ನಡುವಿನ ಇಡೀ ಸ್ಪರ್ಧೆ ನಡೆದದ್ದೇ ಅಷ್ಟು ಅಂತರದಲ್ಲಿ. ಅಂದರೆ ಅರ್ಧ ಎಂಇವಿಯ ತಪ್ಪು ಒಂದು ಪದರವನ್ನೇ ಹುಟ್ಟಿಸಬಹುದು, ಅಳಿಸಲೂಬಹುದು. ಇದು ನಡೆದೂ ಇದೆ. ಸತು-82 ಹೊರಕವಚದಲ್ಲಿ ಇರುತ್ತದೆ ಎಂದು ಕೆಲವು ದ್ರವ್ಯರಾಶಿ ಮಾದರಿಗಳು ಹೇಳುತ್ತಿದ್ದವು. 2013ರಲ್ಲಿ ಸರ್ನ್‌ನ ಐಸೋಲ್ಡೆ ಕೇಂದ್ರದಲ್ಲಿ ಐಸೋಲ್‌ಟ್ರ್ಯಾಪ್ ತಂಡ ಅದರ ದ್ರವ್ಯರಾಶಿಯನ್ನು ಅಳೆದು ಪ್ರಕಟಿಸಿತು. ಆ ಬೆಲೆ ಹಾಕಿದಾಗ ಸತು-82 ಪಟ್ಟಿಯಿಂದ ಹೊರಬಿತ್ತು. ನಿಮ್ಮ ಪ್ರೋಗ್ರಾಂನಲ್ಲೂ ಇದನ್ನು ಮಾಡಿ ನೋಡಿ: ಅಂದಾಜಿನ ದ್ರವ್ಯರಾಶಿಗಳನ್ನು ಒಂದೊಂದಾಗಿ ಅರ್ಧ ಎಂಇವಿ ಮೇಲೆ ಕೆಳಗೆ ಸರಿಸಿ ಯಾವ ಪದರ ಉಳಿಯುತ್ತದೆ, ಯಾವುದು ಮಾಯವಾಗುತ್ತದೆ ಎಂದು ಬರೆದುಕೊಳ್ಳಿ. ಸಿದ್ಧ ಕೋಷ್ಟಕವನ್ನು ಮತ್ತೆ ಪಡೆದರೆ ಅದು ಅಭ್ಯಾಸ; ಈ ಪರೀಕ್ಷೆ ಮಾಡಿದರೆ ಅದು ಸಂಶೋಧನೆಯ ಮೊದಲ ಹೆಜ್ಜೆ. ತೀರಾ ಆಳದಲ್ಲಿ ಪಟ್ಟಿಯೇ ಮುಗಿದುಹೋಗುತ್ತದೆ. ಅಲ್ಲಿ ಎಫ್‌ಆರ್‌ಡಿಎಂನಂತಹ (ಫೈನೈಟ್ ರೇಂಜ್ ಡ್ರಾಪ್ಲೆಟ್ ಮಾಡೆಲ್) ಸೈದ್ಧಾಂತಿಕ ದ್ರವ್ಯರಾಶಿ ಕೋಷ್ಟಕವನ್ನು ಜೋಡಿಸಿಕೊಳ್ಳಬೇಕು.

ನಿಲ್ಲುವುದು ಎಲ್ಲಿ ಎಂಬುದಕ್ಕೆ ಸರಳ ನಿಯಮವಿದೆ. ‘ಗಿ’ ಒಂಟಿ ನ್ಯೂಟ್ರಾನಿನ 939.565 ಎಂಇವಿಗೆ ಸಮವಾದ ಕ್ಷಣ ನ್ಯೂಟ್ರಾನ್ ಹೊರಗಿದ್ದರೂ ಒಳಗಿದ್ದರೂ ಖರ್ಚು ಒಂದೇ; ಸೋರಿಕೆ ಆರಂಭ. ಆಗ ಫರ್ಮಿ ಶಕ್ತಿ ಸುಮಾರು 26 ಎಂಇವಿ, ಒತ್ತಡ 7.8 × 10²⁹ರ ಹತ್ತಿರ ಇರಬೇಕು.

ಹಂತ 7: ಆಳವನ್ನು ಮೀಟರ್‌ಗಳಲ್ಲಿ ಪಡೆಯುವುದು

ಈಗ ಗುರುತ್ವ. ಸಾಮಾನ್ಯವಾಗಿ ಒತ್ತಡ ಮತ್ತು ಗುರುತ್ವದ ಸಮತೋಲನವನ್ನು ಸಾಮಾನ್ಯ ಸಾಪೇಕ್ಷತೆಯಲ್ಲಿ ಹೇಳುವ ಟೋಲ್ಮನ್, ಒಪನ್‌ಹೈಮರ್, ವೋಲ್ಕಾಫ್ ಸಮೀಕರಣವನ್ನು ಸಂಖ್ಯಾತ್ಮಕವಾಗಿ ಬಿಡಿಸುತ್ತಾರೆ, ನೀವೂ ಬಿಡಿಸಿ. ಆದರೆ ಅದಕ್ಕೂ ಮೊದಲು ಪೆನ್ಸಿಲ್ಲಿನಿಂದ ಉತ್ತರ ಪಡೆಯುವ ದಾರಿಯೊಂದಿದೆ. ಸೊನ್ನೆ ತಾಪದಲ್ಲಿ ಒತ್ತಡದ ಸಣ್ಣ ಏರಿಕೆ, ನ್ಯೂಕ್ಲಿಯಾನ್ ಸಾಂದ್ರತೆಯನ್ನು ‘ಗಿ’ಯ ಏರಿಕೆಯಿಂದ ಗುಣಿಸಿದಷ್ಟಿರುತ್ತದೆ. ಒತ್ತಡ ಮತ್ತು ಶಕ್ತಿ ಸಾಂದ್ರತೆಯ ಮೊತ್ತ ನ್ಯೂಕ್ಲಿಯಾನ್ ಸಾಂದ್ರತೆಯನ್ನು ‘ಗಿ’ಯಿಂದ ಗುಣಿಸಿದಷ್ಟು. ಇವೆರಡನ್ನೂ ಸಮತೋಲನದ ಸಮೀಕರಣಕ್ಕೆ ಹಾಕಿದರೆ ಹೊರಕವಚದ ಉದ್ದಕ್ಕೂ ಒಂದು ಗುಣಲಬ್ಧ ಬದಲಾಗುವುದೇ ಇಲ್ಲ:

ಗಿ × √(1 − 4.1346 ÷ ತ್ರಿಜ್ಯ) = ಸ್ಥಿರ

ಇಲ್ಲಿ 4.1346 ಕಿಲೋಮೀಟರ್ ಎಂಬುದು ನಮ್ಮ ನಕ್ಷತ್ರದ ಶ್ವಾರ್ಜ್‌ಶಿಲ್ಡ್ ತ್ರಿಜ್ಯ, ಅಂದರೆ ಅಷ್ಟೇ ದ್ರವ್ಯರಾಶಿಯ ಕಪ್ಪುಕುಳಿಯ ತ್ರಿಜ್ಯ. ಮೇಲ್ಮೈಯಲ್ಲಿ ಕಬ್ಬಿಣದ ‘ಗಿ’ 930.41, ತಳದಲ್ಲಿ ನ್ಯೂಟ್ರಾನಿನ 939.57. ಅನುಪಾತ 1.00984. ಮೇಲ್ಮೈಯ ತ್ರಿಜ್ಯ 12 ಎಂದು ಹಾಕಿ ಬಿಡಿಸಿದರೆ ತಳದ ತ್ರಿಜ್ಯ 11.573 ಕಿಲೋಮೀಟರ್. ಅಂದರೆ ತ್ರಿಜ್ಯದಲ್ಲಿ 430 ಮೀಟರ್, ಅಲ್ಲೇ ಇಳಿದು ಅಳತೆಪಟ್ಟಿ ಹಿಡಿದರೆ ಬಾಗಿದ ದೇಶಕಾಲದ ದೆಸೆಯಿಂದ ಸುಮಾರು 530 ಮೀಟರ್.

ಗಮನಿಸಿ, ಇದರಲ್ಲಿ ನಡುವಿನ ಪದರಗಳ ವಿವರ ಒಂದೂ ಬರಲಿಲ್ಲ. ಹೊರಕವಚದ ದಪ್ಪವನ್ನು ತೀರ್ಮಾನಿಸಿದ್ದು ಕಬ್ಬಿಣ-56ರ ದ್ರವ್ಯರಾಶಿ, ನ್ಯೂಟ್ರಾನಿನ ದ್ರವ್ಯರಾಶಿ ಮತ್ತು ನಕ್ಷತ್ರದ ಗುರುತ್ವ. ನಿಮ್ಮ ಸಂಖ್ಯಾತ್ಮಕ ಉತ್ತರ ಇದಕ್ಕಿಂತ ಒಂದೆರಡು ಮೀಟರ್‌ಗಿಂತ ಹೆಚ್ಚು ಬೇರೆಯಾದರೆ ಹುಳುಕು ಪ್ರೋಗ್ರಾಂನಲ್ಲಿದೆ. ಇದೇ ಸಮೀಕರಣದಿಂದ ಹೊರಕವಚದ ಒಟ್ಟು ದ್ರವ್ಯರಾಶಿಯೂ ಸಿಗುತ್ತದೆ: 7 × 10²⁸ ಗ್ರಾಂ, ಸುಮಾರು ಹನ್ನೆರಡು ಭೂಮಿಗಳಷ್ಟು. ನಕ್ಷತ್ರದ ಲೆಕ್ಕದಲ್ಲಿ ಅದು ಹತ್ತು ಸಾವಿರದಲ್ಲಿ ಒಂದು ಪಾಲೂ ಅಲ್ಲ.

ಹಂತ 8: ಮೇಲ್ಮೈಯ ಬಿಸಿಯಿಂದ ಒಳಗಿನ ಬಿಸಿ

ದೂರದರ್ಶಕ ಕಾಣುವುದು ಮೇಲ್ಮೈಯನ್ನು ಮಾತ್ರ. ಒಳಗಿನ ತಾಪಕ್ಕೂ ಅದಕ್ಕೂ ಇರುವ ನಂಟನ್ನು 1983ರಲ್ಲಿ ಗುಡ್ಮುಂಡ್‌ಸನ್, ಪೆಥಿಕ್ ಮತ್ತು ಎಪ್‌ಸ್ಟೀನ್ ಸರಳ ಸೂತ್ರವಾಗಿ ಕೊಟ್ಟರು:

ಒಳತಾಪ = 1.288 × 10⁸ × (ಮೇಲ್ತಾಪ⁴ ÷ ಗುರುತ್ವ)^0.455 ಕೆಲ್ವಿನ್

ಮೇಲ್ತಾಪವನ್ನು ಹತ್ತು ಲಕ್ಷ ಕೆಲ್ವಿನ್‌ನ ಮಾನದಲ್ಲಿ, ಗುರುತ್ವವನ್ನು 10¹⁴ರ ಮಾನದಲ್ಲಿ ಹಾಕಬೇಕು. ಒಳತಾಪ ಎಂದರೆ ಸಾಂದ್ರತೆ 10¹⁰ ಇರುವಲ್ಲಿನದು. ನಮ್ಮ ನಕ್ಷತ್ರದ ಮೇಲ್ಮೈ ಹತ್ತು ಲಕ್ಷ ಕೆಲ್ವಿನ್ ಇದ್ದರೆ ಒಳಗೆ ಹತ್ತು ಕೋಟಿಗೆ ತುಸು ಹೆಚ್ಚು. ನೂರು ಪಟ್ಟಿನ ಈ ಇಳಿತವೆಲ್ಲ ಮೇಲಿನ ತೆಳುವಾದ ಭಾಗದಲ್ಲೇ ನಡೆಯುತ್ತದೆ. ಹಂತ 1ರಲ್ಲಿ ಹತ್ತು ಕೋಟಿ ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಇದೇ.

ಹಂತ 9: ಜೊತೆಗಾರ ನಕ್ಷತ್ರದಿಂದ ವಸ್ತು ಬೀಳುತ್ತಿದ್ದರೆ

ಇಲ್ಲಿಯವರೆಗಿನ ಲೆಕ್ಕ, ವಸ್ತು ತನ್ನ ಕನಿಷ್ಠ ಶಕ್ತಿಯ ಸ್ಥಿತಿಯನ್ನು ತಲುಪಿದೆ ಎಂಬ ಊಹೆಯ ಮೇಲೆ ನಿಂತಿದೆ. ಹುಟ್ಟುವಾಗ ಅತಿ ಬಿಸಿಯಾಗಿದ್ದ ಒಂಟಿ ನಕ್ಷತ್ರಕ್ಕೆ ಅದು ಒಪ್ಪುತ್ತದೆ. ಜೊತೆಗಾರ ನಕ್ಷತ್ರದಿಂದ ಹೈಡ್ರೋಜನ್ ಎಳೆದುಕೊಳ್ಳುವ ನ್ಯೂಟ್ರಾನ್ ನಕ್ಷತ್ರದಲ್ಲಿ ಅದು ಒಪ್ಪುವುದಿಲ್ಲ. ಮೇಲೆ ಉರಿದು ಉಳಿದ ಬೂದಿ ನಿಧಾನವಾಗಿ ಕೆಳಗೆ ಒತ್ತಲ್ಪಡುತ್ತದೆ, ಅಷ್ಟು ತಣ್ಣನೆಯ ಕಡೆ ನ್ಯೂಕ್ಲಿಯಸ್‌ಗಳು ಬೆಸೆದು ಮರುಹೊಂದಾಣಿಕೆಯಾಗಲು ಆಗುವುದಿಲ್ಲ. 1990ರಲ್ಲಿ ಹೆನ್ಸೆಲ್ ಮತ್ತು ಜ್ಡುನಿಕ್ ಇದರ ಲೆಕ್ಕ ಪ್ರಕಟಿಸಿದರು. ಕೆಎಸ್ 1731−260 ಎಂಬ ನಕ್ಷತ್ರ ಹನ್ನೆರಡೂವರೆ ವರ್ಷಗಳ ಕಾಲ ಹೀಗೆ ವಸ್ತು ನುಂಗಿ 2001ರಲ್ಲಿ ನಿಲ್ಲಿಸಿತು. ಆಮೇಲಿನ ವರ್ಷಗಳಲ್ಲಿ ಅದರ ಕವಚ ತಣಿದ ವೇಗ ನೋಡಿದರೆ ಅಲ್ಲಿನ ಹರಳು ಉಷ್ಣವನ್ನು ಚೆನ್ನಾಗಿ ಸಾಗಿಸುವಷ್ಟು ಅಚ್ಚುಕಟ್ಟಾಗಿದೆ ಎಂದು ತಿಳಿಯುತ್ತದೆ.

ಪ್ರೋಗ್ರಾಂನಲ್ಲಿ ಬದಲಿಸಬೇಕಾದದ್ದು ಕೆಲವೇ ಸಾಲು. ಕನಿಷ್ಠ ‘ಗಿ’ ಹುಡುಕುವುದನ್ನು ತೆಗೆದುಹಾಕಿ. ದ್ರವ್ಯರಾಶಿ ಸಂಖ್ಯೆಯನ್ನು 56ರಲ್ಲೇ ಕಟ್ಟಿಹಾಕಿ. ಒತ್ತಡ ಏರಿಸುತ್ತಾ ಹೋಗಿ, ಎಲೆಕ್ಟ್ರಾನಿನ ಚಲನಶಕ್ತಿ ಮುಂದಿನ ನ್ಯೂಕ್ಲಿಯಸ್‌ನ ದ್ರವ್ಯರಾಶಿ ಅಂತರವನ್ನು ದಾಟಿತೇ ಎಂದಷ್ಟೇ ಕೇಳಿ. ಕಬ್ಬಿಣ-56 ಮ್ಯಾಂಗನೀಸ್-56 ಆಗಲು 3.7 ಎಂಇವಿ ಬೇಕು. ಮ್ಯಾಂಗನೀಸ್‌ನಿಂದ ಕ್ರೋಮಿಯಂ-56ಕ್ಕೆ 1.6 ಸಾಕು, ಆದ್ದರಿಂದ ಮೊದಲ ಎಲೆಕ್ಟ್ರಾನ್ ಹೊಕ್ಕ ಕೂಡಲೇ ಎರಡನೆಯದೂ ಹೊಗುತ್ತದೆ, ಉಳಿದ ಶಕ್ತಿ ಬಿಸಿಯಾಗಿ ಮತ್ತು ನ್ಯೂಟ್ರಿನೋ ಆಗಿ ಹೋಗುತ್ತದೆ. ಕನಿಷ್ಠ ಶಕ್ತಿಯ ಕೋಷ್ಟಕದಲ್ಲಿ ಸಾಂದ್ರತೆ 80 ಲಕ್ಷಕ್ಕೇ ಮುಗಿದುಹೋಗಿದ್ದ ಕಬ್ಬಿಣ ಇಲ್ಲಿ 10⁹ ದಾಟುವವರೆಗೂ ಉಳಿದಿರುತ್ತದೆ. ಎರಡೂ ಕೋಷ್ಟಕಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಮುದ್ರಿಸಿ, ಪ್ರತಿ ಎಲೆಕ್ಟ್ರಾನ್ ಹೊಕ್ಕಾಗ ಬಿಡುಗಡೆಯಾಗುವ ಶಕ್ತಿಯನ್ನು ಮೂರನೆಯ ಕಂಬಸಾಲಿನಲ್ಲಿ ಬರೆಯಿರಿ.